ತೋಟದ ವೈಫೈ: ಪಂಪಿಗೂ ಕ್ಯಾಮೆರಾಕ್ಕೂ ಕಾಯಂ ನಂಬರ್ ಕೊಡಿ

ಕಾರವಾರ, ಅಂಕೋಲಾ ಕಡೆ ಮೇ ತಿಂಗಳ ಗುಡುಗು ಮಳೆ ಶುರುವಾದರೆ ಕರೆಂಟು ಹೋಗೋದು, ಬರೋದು ಇದ್ದದ್ದೇ. ಕರೆಂಟಿನ ಜೊತೆ ವೈಫೈ ಬರುತ್ತೆ, ಆದರೆ ಪಂಪ್ ಕಂಟ್ರೋಲರ್ ಫೋನಿಗೆ ಸಿಗೋಲ್ಲ. ರೆಕಾರ್ಡರ್‌ನಲ್ಲಿ ತೋಟದ ಕ್ಯಾಮೆರಾ ಮಾಯ. ಕರಿ ಇಶಾಡ ಹಣ್ಣಾಗುವ ಹೊತ್ತಿಗೆ ಒಂದು ರಾತ್ರಿ ಕ್ಯಾಮೆರಾ ಇಲ್ಲದಿದ್ದರೆ ಏನಾಗುತ್ತೆ ಅಂತ ಮಾವು ಬೆಳೆದವರಿಗೆ ಹೇಳಬೇಕಿಲ್ಲ. ನಾನು ನೋಡಿದ ತೋಟಗಳಲ್ಲಿ ಹೆಚ್ಚಿನ ಸಲ ಉಪಕರಣ ಕೆಟ್ಟಿರೋಲ್ಲ, ಅದರ ಐಪಿ ನಂಬರ್ ಬದಲಾಗಿರುತ್ತೆ.

ನಂಬರ್ ಕೊಡುವವರು ಯಾರು?

ವೈಫೈಗೆ ಸೇರಿದ ಪ್ರತಿ ಉಪಕರಣಕ್ಕೂ ಒಂದು ಐಪಿ ನಂಬರ್ ಬೇಕು. ಅದನ್ನು ತಾನಾಗಿ ಹಂಚುವ ವ್ಯವಸ್ಥೆಯೇ ಡಿಎಚ್‌ಸಿಪಿ. ಸೊಸೈಟಿಯಲ್ಲಿ ಟೋಕನ್ ಕೊಟ್ಟ ಹಾಗೆ ರೂಟರ್ ನಂಬರ್ ಕೊಡುತ್ತೆ, ಅದೂ ಇಂತಿಷ್ಟು ಹೊತ್ತಿಗೆ ಮಾತ್ರ. ಕೆಲವು ರೂಟರ್‌ಗಳು ಆಫ್ ಆಗಿ ಆನ್ ಆದರೆ ಹಳೇ ಪಟ್ಟಿ ಮರೆತುಬಿಡುತ್ತವೆ. ನಿನ್ನೆ ಕ್ಯಾಮೆರಾಕ್ಕಿದ್ದ ನಂಬರ್ ಇವತ್ತು ತಮ್ಮನ ಫೋನಿಗೆ ಹೋಗಿರಬಹುದು.

ಹೀಗೆ ಮಾಡಿ

1. ಫೋನಿನ ವೈಫೈ ವಿವರದಲ್ಲಿ 'ಗೇಟ್‌ವೇ' ನಂಬರ್ ನೋಡಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತೆ. ಅದನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿ. ಲಾಗಿನ್ ವಿವರ ರೂಟರ್ ಅಡಿಯ ಸ್ಟಿಕರ್ ಮೇಲಿರುತ್ತೆ. ಏನು ಬದಲಿಸುವ ಮೊದಲೂ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

2. 'ಲ್ಯಾನ್' ಭಾಗದಲ್ಲಿ ಡಿಎಚ್‌ಸಿಪಿ ಆನ್ ಇರಲಿ. ಗೇಟ್‌ವೇ 192.168.1.1 ಆಗಿದ್ದರೆ ಹಂಚುವ ನಂಬರ್ 192.168.1.100ರಿಂದ 192.168.1.199ರವರೆಗೆ ಇಡಿ. 100 ನಂಬರ್ ಸಿಗುತ್ತೆ, ಮನೆ-ತೋಟಕ್ಕೆ ಧಾರಾಳ.

3. 'ಅಡ್ರೆಸ್ ರಿಸರ್ವೇಶನ್' ಪುಟಕ್ಕೆ ಹೋಗಿ. ಪಂಪ್ ಕಂಟ್ರೋಲರ್‌ನ ಮ್ಯಾಕ್ ವಿಳಾಸ ಹಾಕಿ 192.168.1.20 ಕೊಡಿ, ಕ್ಯಾಮೆರಾಕ್ಕೆ 192.168.1.21. ಮ್ಯಾಕ್ ಅಂದರೆ ಉಪಕರಣದ ಸ್ಟಿಕರ್ ಮೇಲಿನ 12 ಅಕ್ಷರ-ಅಂಕಿಗಳ ಗುರುತು. ಕೆಲವು ರೂಟರ್ 100ರಿಂದ 199ರೊಳಗಿನ ನಂಬರನ್ನೇ ಕೇಳುತ್ತೆ. ಆಗ ಅದರೊಳಗಿಂದಲೇ ಆರಿಸಿ. ರೆಕಾರ್ಡರ್‌ನಲ್ಲೂ ಆ್ಯಪ್‌ನಲ್ಲೂ ಹಳೇ ನಂಬರ್ ತೆಗೆದು ಇದನ್ನೇ ಹಾಕಿ.

ಎರಡನೇ ರೂಟರ್ ಇದ್ದರೆ ಜೋಕೆ

ಮನೆಯ ವೈಫೈ ತೋಟದ ಕೊಟ್ಟಿಗೆವರೆಗೆ ಮುಟ್ಟೋಲ್ಲ ಅಂತ ಇನ್ನೊಂದು ರೂಟರ್ ಕೂರಿಸುತ್ತೇವೆ. ಅದೂ ನಂಬರ್ ಹಂಚಲು ಕೂತರೆ ಒಂದೇ ಟೋಕನ್ ಇಬ್ಬರ ಕೈಗೆ! ಎರಡನೆಯದನ್ನು ಮೊದಲಿನದಕ್ಕೆ ಜೋಡಿಸುವ ಮೊದಲೇ ಅದರ ನಂಬರ್ 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಕೇಬಲ್ಲನ್ನು ಅದರ 'ಲ್ಯಾನ್' ಪೋರ್ಟಿಗೆ ಹಾಕಿ, 'ವ್ಯಾನ್' ಪೋರ್ಟಿಗೆ ಬೇಡ.

ಪರೀಕ್ಷೆ

ರೂಟರ್, ಕಂಟ್ರೋಲರ್, ಕ್ಯಾಮೆರಾ ಮೂರನ್ನೂ ಆಫ್ ಮಾಡಿ. ಮೊದಲು ರೂಟರ್ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಉಳಿದವು. ನಂಬರ್ ಬದಲಾಗದಿದ್ದರೆ ಗೆದ್ದಿರಿ. ಯಾವುದಾದರೂ ಉಪಕರಣ 169.254ರಿಂದ ಶುರುವಾಗುವ ನಂಬರ್ ತೋರಿಸಿದರೆ ಅದಕ್ಕೆ ರೂಟರ್‌ನಿಂದ ನಂಬರ್ ಸಿಕ್ಕಿಲ್ಲ ಅಂತ ಅರ್ಥ. ಕೇಬಲ್, ವೈಫೈ ಪಾಸ್‌ವರ್ಡ್ ನೋಡಿ. ನಿಮ್ಮದು ಸಿಮ್ ಹಾಕುವ ಸ್ಟಾರ್ಟರ್ ಆಗಿದ್ದರೆ ಅದಕ್ಕೆ ಇದ್ಯಾವುದೂ ಬೇಕಿಲ್ಲ.

ಯಾವುದಕ್ಕೆ ಯಾವ ನಂಬರ್ ಅಂತ ಬರೆದು ಸ್ಟಾರ್ಟರ್ ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿ. ನೀವು ಊರಲ್ಲಿಲ್ಲದ ದಿನ ಮನೆಯವರಿಗೆ ಅದೇ ದಾರಿ ತೋರಿಸುತ್ತೆ.