ಓಡದೆ ನಿಂತ ವಾಹನಕ್ಕೆ ತೆರಿಗೆ ಮತ್ತು ದಂಡ: ನೋಟೀಸಿಗೆ ಉತ್ತರಿಸುವ ಬಗೆ



ಅಡಿಕೆ ಮೂಟೆ, ಕಾಫಿ ಚೀಲ, ಗೊಬ್ಬರ ಸಾಗಿಸಲೆಂದು ಸಾಲ ಮಾಡಿ ಕೊಂಡ ವಾಹನ ಕೆಟ್ಟು ಕೊಟ್ಟಿಗೆಯ ಪಕ್ಕದಲ್ಲಿ ನಿಂತರೂ ಅದರ ತೆರಿಗೆ ತಾನಾಗಿ ನಿಲ್ಲುವುದಿಲ್ಲ. ಈ ವಿಷಯದಲ್ಲಿ ನಮ್ಮಲ್ಲಿ ಅನೇಕರಿಗೆ ತಪ್ಪು ತಿಳುವಳಿಕೆ ಇದೆ. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ಹೀಗೊಂದು ಸಂದರ್ಭವನ್ನು ಭಾವಿಸೋಣ. ಸಣ್ಣ ಹಿಡುವಳಿದಾರರೊಬ್ಬರ ಸರಕು ವಾಹನದ ಗೇರ್ ಬಾಕ್ಸ್ ಜೂನ್ ತಿಂಗಳ ಮಳೆಯಲ್ಲಿ ಕೆಟ್ಟಿತು. ಕೈಯಲ್ಲಿದ್ದ ಹಣ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಖರ್ಚಾಯಿತು. ಗಾಡಿಯನ್ನು ತಗಡಿನ ಮಾಡಿನ ಕೆಳಗೆ ನೂಕಿ ಬಿಟ್ಟರು. ಕೊಯ್ಲು ಮುಗಿಯುವ ಹೊತ್ತಿಗೆ, ಫೆಬ್ರವರಿಯಲ್ಲಿ, ನೋಟೀಸು ಬಂತು: ಮೂರು ತ್ರೈಮಾಸಿಕಗಳ ತೆರಿಗೆ ಬಾಕಿ, ಅದರ ಮೇಲೆ ದಂಡ. "ಓಡದ ಗಾಡಿಗೆ ಎಂಥ ತೆರಿಗೆ?" ಎಂದು ಅವರು ಆ ಕಾಗದವನ್ನು ಮಾಡಿನ ಸಂದಿಗೆ ಸಿಕ್ಕಿಸಿದರು. ಅವರ ಪ್ರಶ್ನೆ ಸಹಜವಾದದ್ದೇ. ಆದರೆ ಕಾಗದವನ್ನು ಸಿಕ್ಕಿಸಿಟ್ಟದ್ದು ತಪ್ಪು.

ಕಾಯಿದೆ ಏನು ಹೇಳುತ್ತದೆ?

ನಮ್ಮ ರಾಜ್ಯದಲ್ಲಿ ವಾಹನ ತೆರಿಗೆ ಹಾಕುವುದು 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯಿದೆಯ ಪ್ರಕಾರ. ಅದರ 3ನೇ ಕಲಮಿನಂತೆ "ರಸ್ತೆಯಲ್ಲಿ ಬಳಸಲು ತಕ್ಕುದಾದ" ವಾಹನಗಳಿಗೆ ತೆರಿಗೆ ಬೀಳುತ್ತದೆ. ಇದನ್ನು ಓದಿ ಕೆಟ್ಟ ಗಾಡಿ ರಸ್ತೆಗೆ ತಕ್ಕುದಲ್ಲವಲ್ಲ ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆದರೆ ಅದೇ ಕಲಮಿನ ವಿವರಣೆಯನ್ನೂ ಓದಬೇಕು. ಯಾವ ವಾಹನದ ನೋಂದಣಿ ಪತ್ರ ಚಾಲ್ತಿಯಲ್ಲಿದೆಯೋ ಅದನ್ನು ರಸ್ತೆಗೆ ತಕ್ಕ ವಾಹನವೆಂದೇ ಭಾವಿಸತಕ್ಕದ್ದು ಎಂದು ಅಲ್ಲಿದೆ. ಎಂದರೆ ಇಲಾಖೆ ನೋಡುವುದು ಗಾಡಿಯ ಎಂಜಿನನ್ನಲ್ಲ, ಆರ್.ಸಿ.ಯನ್ನು.

ಸ್ವಂತ ಬಳಕೆಯ ಕಾರು, ಜೀಪುಗಳಿಗೆ ನೋಂದಣಿಯ ಕಾಲದಲ್ಲೇ ಆಜೀವ ತೆರಿಗೆ ಕಟ್ಟಿರುತ್ತೇವೆ. ಅವುಗಳ ಮಟ್ಟಿಗೆ ಈ ತೊಂದರೆ ಕಡಿಮೆ. ಅವಧಿಗೊಮ್ಮೆ ತೆರಿಗೆ ಕಟ್ಟುವ ವಾಹನಗಳಲ್ಲೇ ಬಾಕಿ ಬೆಳೆಯುವುದು. ನಿಮ್ಮ ವಾಹನ ಯಾವ ಬಗೆಯದೆಂದು ಮೊದಲು ಟ್ಯಾಕ್ಸ್ ಕಾರ್ಡು ನೋಡಿ ಖಚಿತಪಡಿಸಿಕೊಳ್ಳಿ.

ನ್ಯಾಯಾಲಯಗಳು ಏನು ಹೇಳಿವೆ?

1980ರಲ್ಲಿ ಕೇರಳದ ತಿರುವಾಂಕೂರು ಟೀ ಎಸ್ಟೇಟ್ಸ್ ಕಂಪನಿಯ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ತೋಟದೊಳಗೇ ಓಡುವ ವಾಹನಗಳಿಗೂ ತೆರಿಗೆ ಕೊಡಬೇಕೆ ಎಂಬುದು ಪ್ರಶ್ನೆ. ಸಾರ್ವಜನಿಕ ರಸ್ತೆಯಲ್ಲಿ ಬಳಸುವ ಅಥವಾ ಬಳಸಲೆಂದು ಇಟ್ಟುಕೊಂಡ ವಾಹನಗಳ ಮೇಲೆ ಮಾತ್ರ ರಾಜ್ಯ ಈ ತೆರಿಗೆ ಹಾಕಬಹುದೆಂದು ನ್ಯಾಯಾಲಯ ಹೇಳಿತು.

1987ರಲ್ಲಿ ನಮ್ಮ ರಾಜ್ಯದ ಕಾಯಿದೆಯೇ ಸುಪ್ರೀಂ ಕೋರ್ಟಿನ ಮುಂದೆ ಬಂತು. ವಾಹನ ರಸ್ತೆಗೆ ಯೋಗ್ಯವಾಗಿಲ್ಲದಿರುವಾಗ ತೆರಿಗೆ ಕಟ್ಟಬೇಕಿಲ್ಲ ಎಂಬುದು ಮಾಲೀಕರ ವಾದ. ನ್ಯಾಯಾಲಯ ಒಪ್ಪಲಿಲ್ಲ. ನೋಂದಣಿ ಚಾಲ್ತಿಯಲ್ಲಿರುವವರೆಗೆ ತೆರಿಗೆಯನ್ನು ಮುಂಗಡವಾಗಿ ಕಟ್ಟಲೇಬೇಕು, ವಾಹನ ಬಳಸದ ಅವಧಿಗೆ 7ನೇ ಕಲಮಿನಂತೆ ಮರುಪಾವತಿ ಕೇಳಬಹುದು ಎಂದು ತೀರ್ಮಾನವಾಯಿತು. ನಮ್ಮ ಸದಸ್ಯರಿಗೆ ಹೆಚ್ಚು ಸಂಬಂಧಪಟ್ಟದ್ದು ಈ ತೀರ್ಪು.

ಇನ್ನು 2025ರ ಆಗಸ್ಟ್ 29ರ ತೀರ್ಪು. ಆಂಧ್ರ ಪ್ರದೇಶದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಅಂಗಳದೊಳಗೆ ಮಾತ್ರ ಓಡಾಡುತ್ತಿದ್ದ ತಾರಾಚಂದ್ ಲಾಜಿಸ್ಟಿಕ್ ಸಲ್ಯೂಶನ್ಸ್ ಕಂಪನಿಯ 36 ವಾಹನಗಳಿಗೆ ತೆರಿಗೆ ಇಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಕಟ್ಟಿದ್ದ 22,71,700 ರೂಪಾಯಿ ಹಿಂದಕ್ಕೆ ಕೊಡಬೇಕೆಂಬ ಹಿಂದಿನ ಆದೇಶ ಊರ್ಜಿತವಾಯಿತು. "ರಸ್ತೆಗಿಳಿಯದ ವಾಹನಕ್ಕೆ ತೆರಿಗೆ ಇಲ್ಲ" ಎಂಬ ಮಾತು ಇದರಿಂದಲೇ ಹರಡಿದ್ದು.

ಇದನ್ನು ನಂಬಿ ಸುಮ್ಮನೆ ಕೂರುವ ಮುಂಚೆ ಎರಡು ಸಂಗತಿ ಗಮನಿಸಬೇಕು. ಒಂದು, ಆಂಧ್ರದ ಕಾಯಿದೆಯಲ್ಲಿ "ಸಾರ್ವಜನಿಕ ಸ್ಥಳದಲ್ಲಿ ಬಳಸುವ ಅಥವಾ ಬಳಸಲು ಇಟ್ಟುಕೊಂಡ" ಎಂಬ ಮಾತಿದೆ, ತೀರ್ಪು ನಿಂತಿರುವುದು ಆ ಮಾತಿನ ಮೇಲೆ. ನಮ್ಮ ಕಾಯಿದೆಯ ಮಾತೇ ಬೇರೆ. ಎರಡು, ಅಲ್ಲಿನದು ಗೋಡೆ ಮತ್ತು ಕಾವಲಿರುವ ಅಂಗಳ. ನಮ್ಮ ಹಿಡುವಳಿಗಳು ಹಾಗಿಲ್ಲ. ಅಡಿಕೆ ತೋಟ ಕೆಳಗೆ, ಕಾಫಿ ಗಿಡ ಗುಡ್ಡದ ಮೇಲೆ, ನಡುವೆ ಪಂಚಾಯತಿ ರಸ್ತೆ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಜನರಿಗೆ ಪ್ರವೇಶದ ಹಕ್ಕಿರುವ ದಾರಿಯೆಲ್ಲ ಸಾರ್ವಜನಿಕ ಸ್ಥಳವೇ. ಆ ರಸ್ತೆ ದಾಟುವ ಗಾಡಿಗೆ ಈ ತೀರ್ಪಿನ ಆಸರೆ ಸಿಗುವುದು ಕಷ್ಟ.

ಮುಂಚಿತವಾಗಿ ಮಾಡಬೇಕಾದದ್ದು

ವಾಹನ ಕೆಲವು ತಿಂಗಳು ನಿಲ್ಲುವುದು ಖಂಡಿತವೆಂದು ತಿಳಿದ ಕೂಡಲೇ, ತೆರಿಗೆ ಕಟ್ಟಿರುವ ಅವಧಿ ಮುಗಿಯುವ ಮುಂಚೆಯೇ, ಆರ್.ಟಿ.ಓ. ಕಚೇರಿಗೆ "ವಾಹನ ಬಳಸುವುದಿಲ್ಲ" ಎಂಬ ತಿಳುವಳಿಕೆ ಕೊಡಬೇಕು. ವಾಹನದ ಯಾವ ದಾಖಲೆಗಳನ್ನು ಜೊತೆಗೆ ಒಪ್ಪಿಸಬೇಕೆಂದು ಕಚೇರಿಯಲ್ಲೇ ಕೇಳಿ, ಪ್ರತಿಯೊಂದಕ್ಕೂ ರಸೀದಿ ಪಡೆಯಿರಿ. ಗಾಡಿ ನಿಂತಿರುವ ಸ್ಥಳವನ್ನು ಸರ್ವೆ ನಂಬರು, ಗ್ರಾಮದೊಂದಿಗೆ ಸ್ಪಷ್ಟವಾಗಿ ಬರೆಯಿರಿ. ಅಧಿಕಾರಿಗಳು ಬಂದು ನೋಡಿದರೆ ಗಾಡಿ ಅಲ್ಲಿಯೇ ಇರಬೇಕು. ಅದನ್ನು ಗ್ಯಾರೇಜಿಗೆ ಒಯ್ಯಬೇಕಾದರೆ ಮೊದಲೇ ತಿಳಿಸಿ.

ಗಾಡಿ ಇನ್ನೆಂದೂ ಓಡುವುದಿಲ್ಲವೆಂದಾದರೆ ಮೇಲಿನ ಕ್ರಮ ಸಾಲದು. 1988ರ ಕಾಯಿದೆಯ 55ನೇ ಕಲಮಿನಂತೆ, ನಾಶವಾದ ಅಥವಾ ಶಾಶ್ವತವಾಗಿ ಬಳಕೆಗೆ ಬಾರದ ವಾಹನದ ವಿಷಯವನ್ನು ಮಾಲೀಕರು 14 ದಿನಗಳೊಳಗೆ, ಇಲ್ಲವೇ ಸಾಧ್ಯವಾದಷ್ಟು ಬೇಗ, ನೋಂದಣಿ ಅಧಿಕಾರಿಗೆ ವರದಿ ಮಾಡಿ ಆರ್.ಸಿ. ಒಪ್ಪಿಸಬೇಕು. ನೋಂದಣಿ ರದ್ದಾಗದೆ ಗಾಡಿಯನ್ನು ಗುಜರಿಗೆ ಕೊಟ್ಟರೆ ಕಬ್ಬಿಣ ಹೋಗಿಯೂ ತೆರಿಗೆ ನಮ್ಮ ಹೆಸರಿನಲ್ಲಿ ಉಳಿಯುತ್ತದೆ.

ನೋಟೀಸು ಬಂದ ಮೇಲೆ

1. ನೋಟೀಸು ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಉತ್ತರಕ್ಕೆ ಕೊಟ್ಟ ಗಡುವನ್ನು ಮೀರಬೇಡಿ.

2. ತೆರಿಗೆ ಎಷ್ಟು, ದಂಡ ಎಷ್ಟು, ಯಾವ ಅವಧಿಗೆ, ಯಾವ ಕಲಮಿನಂತೆ ಎಂದು ಬೇರೆ ಬೇರೆಯಾಗಿ ಪಟ್ಟಿ ಮಾಡಿ. ಹಿಂದೆ ಕಟ್ಟಿದ ರಸೀದಿಗಳೊಂದಿಗೆ ತಾಳೆ ನೋಡಿ.

3. ಹಿಂದೆ ತಿಳುವಳಿಕೆ ಕೊಟ್ಟಿದ್ದರೆ ಅದರ ಸ್ವೀಕೃತಿಯೇ ನಿಮ್ಮ ದೊಡ್ಡ ಆಧಾರ. ಸ್ವೀಕೃತಿ ಕಳೆದುಹೋಗಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟು, ಆ ದಿನಗಳ ಆವಕ ವಹಿಯ ನಕಲು ಕೇಳಿ. 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು.

4. ಗ್ಯಾರೇಜಿನ ಬಿಲ್ಲು, ಬಿಡಿ ಭಾಗಗಳ ರಸೀದಿ, ದಿನಾಂಕವಿರುವ ಫೋಟೋ, ಟೋಲ್ ದಾಟಿಲ್ಲವೆಂದು ತೋರಿಸುವ ಫಾಸ್ಟ್ಯಾಗ್ ಲೆಕ್ಕ ಇವನ್ನು ಸೇರಿಸಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗಾಡಿ ಓಡಿಲ್ಲವೆಂದು ಬರೆದುಕೊಟ್ಟು, ಅದೇ ಅವಧಿಯಲ್ಲಿ ಅದೇ ನಂಬರಿನ ಗಾಡಿಯಲ್ಲಿ ಅಡಿಕೆ ತಂದ ಚೀಟಿ ಮಂಡಿಯಲ್ಲೋ, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಗೇಟಿನಲ್ಲೋ ಇದ್ದರೆ ವಾದವೆಲ್ಲ ಬಿದ್ದುಹೋಗುತ್ತದೆ. ಒಂದು ದಿನ ಓಡಿಸಿದ್ದರೂ ಇದ್ದದ್ದನ್ನು ಇದ್ದಂತೆ ಹೇಳಿ, ಉಳಿದ ಅವಧಿಗೆ ಮಾತ್ರ ವಿನಾಯಿತಿ ಕೇಳುವುದು ಲೇಸು.

ದಂಡದ ಪ್ರಶ್ನೆ ಬೇರೆ

ಮುಂಚಿತವಾಗಿ ತಿಳಿಸದಿದ್ದವರು ತೆರಿಗೆಯಿಂದ ಪಾರಾಗುವುದು ಕಷ್ಟವೆಂದು 1987ರ ತೀರ್ಪಿನಿಂದ ತಿಳಿಯಿತು. ಆದರೆ ದಂಡದ ವಿಷಯದಲ್ಲಿ ವಾದಕ್ಕೆ ಸ್ವಲ್ಪ ಅವಕಾಶವಿದೆ. 1969ರಲ್ಲಿ ಹಿಂದುಸ್ತಾನ್ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಂಡ ಹಾಕಲು ಅಧಿಕಾರವಿದೆ ಎಂಬ ಮಾತ್ರಕ್ಕೆ ಹಾಕಬಾರದು, ಬೇಕೆಂದೇ ಕಾನೂನನ್ನು ಧಿಕ್ಕರಿಸಿದ್ದಾರೆಯೇ ಎಂದು ನೋಡಬೇಕು ಎಂದಿತು. ಅದು ಮಾರಾಟ ತೆರಿಗೆಯ ಪ್ರಕರಣ. ಮುಂದೆ 2008ರಲ್ಲಿ ಅದೇ ನ್ಯಾಯಾಲಯ, ಕಾಯಿದೆಯೇ ದಂಡವನ್ನು ಕಡ್ಡಾಯ ಮಾಡಿದ್ದರೆ ಈ ವಾದ ನಡೆಯದೆಂದೂ ಹೇಳಿದೆ. ಆದ್ದರಿಂದ ನೋಟೀಸಿನಲ್ಲಿ ಹೇಳಿದ ಕಲಮು ಅಧಿಕಾರಿಗೆ ವಿವೇಚನೆ ಕೊಟ್ಟಿದೆಯೇ ಎಂದು ವಕೀಲರನ್ನು ಕೇಳಿ ತಿಳಿಯಿರಿ. ವಿವೇಚನೆಯಿದ್ದರೆ ತೆರಿಗೆಯನ್ನು "ಆಕ್ಷೇಪಣೆಗೆ ಒಳಪಟ್ಟು" ಎಂದು ಬರೆದು ಕಟ್ಟಿ, ದಂಡವನ್ನು ಮಾತ್ರ ಪ್ರಶ್ನಿಸುವುದು ಹೆಚ್ಚು ಫಲ ಕೊಡುವ ದಾರಿ.

ಉತ್ತರದ ಮಾದರಿ

"ಮಾನ್ಯರೇ, ತಮ್ಮ ನೋಟೀಸು ಇಂಥ ದಿನಾಂಕದಂದು ನನಗೆ ತಲುಪಿದೆ. ನಮೂದಿಸಿದ ವಾಹನವು ಇಂಥ ದಿನದಿಂದ ಇಂಥ ದಿನದವರೆಗೆ ಕೆಟ್ಟು, ನನ್ನ ಜಮೀನಿನಲ್ಲಿ ನಿಂತಿತ್ತು. ಇದಕ್ಕೆ ಆಧಾರವಾದ ದಾಖಲೆಗಳ ನಕಲುಗಳನ್ನು ಲಗತ್ತಿಸಿದ್ದೇನೆ. ಸದರಿ ಅವಧಿಯಲ್ಲಿ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಬಳಸಿಲ್ಲ. ತೆರಿಗೆ ತಪ್ಪಿಸುವ ಉದ್ದೇಶ ನನಗಿರಲಿಲ್ಲ. ಸ್ಥಳ ಪರಿಶೀಲನೆ ಮಾಡಬೇಕೆಂದೂ, ಆದೇಶ ಮಾಡುವ ಮುಂಚೆ ನನ್ನ ಅಹವಾಲನ್ನು ಖುದ್ದಾಗಿ ಕೇಳಬೇಕೆಂದೂ, ದಂಡವನ್ನು ಕೈಬಿಡಬೇಕೆಂದೂ ಕೋರುತ್ತೇನೆ."

ಇದನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅಂಚೆಯಲ್ಲಿ ಕಳಿಸಿದರೆ ರಸೀದಿ ಜೋಪಾನವಾಗಿಡಿ. ಆದೇಶ ನಿಮಗೆ ವಿರುದ್ಧವಾಗಿ ಬಂದರೆ ಅದರ ಪ್ರತಿಯನ್ನು ತಡಮಾಡದೆ ಪಡೆದು, ಮೇಲ್ಮನವಿಯ ಅವಧಿಯನ್ನು ತಿಳಿದುಕೊಳ್ಳಿ. ಆ ಅವಧಿ ಕಳೆದರೆ ಒಳ್ಳೆಯ ದಾಖಲೆಯೂ ಕೈಗೆ ಬಾರದು.

ಮೇಲೆ ಹೇಳಿದ ಬೆಳೆಗಾರರು ಜೂನ್ ತಿಂಗಳಲ್ಲೇ ಒಂದು ಅರ್ಜಿ ಬರೆದು ಮೊಹರು ಹಾಕಿಸಿಕೊಂಡಿದ್ದರೆ, ಫೆಬ್ರವರಿಯಲ್ಲಿ ಅಡಿಕೆ ಮಾರಿದ ಹಣವನ್ನು ನಿಂತ ಗಾಡಿಗೆ ಸುರಿಯುವ ಪ್ರಮೇಯ ಬರುತ್ತಿರಲಿಲ್ಲ. ನಮ್ಮಂಥ ಸಣ್ಣ ಬೆಳೆಗಾರರಿಗೆ ಅದು ಒಂದು ವರ್ಷದ ಗೊಬ್ಬರದ ಹಣ. ಸದಸ್ಯರು ಇವತ್ತೇ ತಮ್ಮ ಟ್ಯಾಕ್ಸ್ ಕಾರ್ಡು ತೆಗೆದು ನೋಡಬೇಕು. ಮಾಡಿನ ಸಂದಿಯಲ್ಲಿ ಹಳೆಯ ನೋಟೀಸು ಇದ್ದರೆ ಅದನ್ನೂ ಕೆಳಗಿಳಿಸಬೇಕೆಂದು ನಮ್ಮ ವಿನಂತಿ.