ಬಾಯಾಡಿಸಿದ್ದೂ ಊಟವೇ

ರಾತ್ರಿ ಅನ್ನ ಬಿಟ್ಟು ಎರಡೇ ಚಪಾತಿ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವವರೇ, ಅದಕ್ಕೆ ಸವರಿದ ತುಪ್ಪ ಲೆಕ್ಕಕ್ಕೆ ಬಂತೇ? ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಒಗ್ಗರಣೆಗೆ ಕ್ಯಾನನ್ನೇ ಬಗ್ಗಿಸುವ ಕೈಗೆ ಚಮಚದ ಅಳತೆ ಎಲ್ಲಿ ಗೊತ್ತು! ಮಗು ಬಿಟ್ಟ ಅರ್ಧ ದೋಸೆ, ಟೀ ಜೊತೆ ಎರಡು ಕೋಡುಬಳೆ, ಉಪ್ಪು ನೋಡಲೆಂದು ಬಾಯಿಗೆ ಹಾಕಿಕೊಂಡ ಪಲ್ಯ, ಇವು ಯಾವುವೂ ನೆನಪಿನಲ್ಲಿ ಉಳಿಯುವುದಿಲ್ಲ. ನೀವು ಸುಳ್ಳು ಹೇಳುತ್ತೀರೆಂದಲ್ಲ. 1992ರಲ್ಲಿ ಪ್ರಕಟವಾದ ಅಮೆರಿಕದ ಪುಟ್ಟ ಅಧ್ಯಯನವೊಂದರಲ್ಲಿ, ಪಥ್ಯ ಮಾಡಿಯೂ ಸಣ್ಣಗಾಗದವರು ತಾವು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು. ಥೈರಾಯ್ಡ್ ಪರೀಕ್ಷೆ ಬೇಕಿದ್ದರೆ ಮಾಡಿಸಿ. ಆದರೆ ಅದರ ಮೇಲೆ ಗೂಬೆ ಕೂರಿಸುವ ಮೊದಲು ಒಂದು ವಾರ, ತಿಂದದ್ದನ್ನೆಲ್ಲ ತಿಂದ ಕೂಡಲೇ ಬರೆದಿಡಿ. ರಾತ್ರಿ ಕೂತು ನೆನೆಸಿಕೊಂಡು ಬರೆದರೆ ಪ್ರಯೋಜನವಿಲ್ಲ.