ಮಂಡಲದ ಹಾವಿನ ವಿಷ ಮತ್ತು ಜೀವಕೋಶದ ಕೊಬ್ಬಿನ ಪೊರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಧನುರ್ಮಾಸದ ಬೆಳಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಬಗ್ಗಿಸಿದರೆ ಎಣ್ಣೆ ಬೀಳುವುದಿಲ್ಲ. ಬಿಸಿನೀರಿನಲ್ಲೋ ಬಿಸಿಲಿನಲ್ಲೋ ಇಟ್ಟು ಕರಗಿಸಬೇಕು. ಪಕ್ಕದಲ್ಲಿರುವ ಕಡಲೆಕಾಯಿ ಎಣ್ಣೆ ಮಾತ್ರ ಅದೇ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಏಕೆ? ಎಣ್ಣೆಯ ಪ್ರತಿ ಕಣದಲ್ಲೂ ಗ್ಲಿಸರಾಲ್ ಎಂಬ ಸಣ್ಣ ಬೆನ್ನೆಲುಬು, ಅದಕ್ಕೆ ಅಂಟಿದ ಮೂರು ಮೇದಾಮ್ಲಗಳ ಬಾಲಗಳು ಇರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚು ಪಾಲು ನೆಟ್ಟಗಿರುವ ಬಾಲಗಳು. ಅರ್ಧದಷ್ಟು ಲಾರಿಕ್ ಆಮ್ಲವೇ. ಚಳಿಗೆ ಅವು ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆಯ ಬಾಲಗಳಲ್ಲಿ ಹೆಚ್ಚಿನವು ಮಧ್ಯದಲ್ಲಿ ಸೊಟ್ಟಗಿವೆ. ಸೊಟ್ಟ ಸೌದೆಯನ್ನು ಒತ್ತಾಗಿ ಜೋಡಿಸಲು ಆಗುವುದಿಲ್ಲವಲ್ಲ, ಹಾಗೆ.

ಈಗ ಮೂರು ಬಾಲಗಳಲ್ಲಿ ಒಂದನ್ನು ತೆಗೆದು ಆ ಜಾಗದಲ್ಲಿ ರಂಜಕದ ಒಂದು ಗುಂಪನ್ನು ಕೂರಿಸಿ, ಅದರ ತುದಿಗೆ ಕೋಲೀನ್ ಎಂಬ ವಸ್ತುವನ್ನು ಸೇರಿಸಿ ಎಂದುಕೊಳ್ಳಿ. ಎಣ್ಣೆಯ ಗುಣವೇ ಬದಲಾಗುತ್ತದೆ. ತಲೆಯ ಭಾಗಕ್ಕೆ ನೀರು ಬೇಕು, ಬಾಲಗಳಿಗೆ ನೀರು ಬೇಡ. ಇದೇ ಫಾಸ್ಫೋಲಿಪಿಡ್, ಅಂದರೆ ರಂಜಕ ಸೇರಿದ ಕೊಬ್ಬು. ಮೊಟ್ಟೆಯ ಹಳದಿಯಲ್ಲಿ ಇದು ಹೇರಳ. ಫ್ರಾನ್ಸಿನ ಗೋಬ್ಲಿ 1850ರಲ್ಲಿ ಇದಕ್ಕೆ ಲೆಸಿಥಿನ್ ಎಂದು ಹೆಸರಿಟ್ಟದ್ದೂ ಹಳದಿ ಎಂಬ ಅರ್ಥದ ಗ್ರೀಕ್ ಪದದಿಂದ. ಚಾಕೊಲೇಟಿನ ಹೊದಿಕೆಯ ಮೇಲೆ ಈ ಹೆಸರನ್ನು ನೀವೂ ಓದಿರಬಹುದು.

ಇಂಥ ಕಣಗಳನ್ನು ನೀರಿಗೆ ಬಿಟ್ಟರೆ ಯಾರೂ ಹೇಳಿಕೊಡದೆ ಎರಡು ಸಾಲಾಗಿ ನಿಲ್ಲುತ್ತವೆ: ಬಾಲಗಳು ಒಳಗೆ, ತಲೆಗಳು ಹೊರಗೆ. ನಿಮ್ಮ ದೇಹದ ಒಂದೊಂದು ಜೀವಕೋಶದ ಸುತ್ತಲೂ ಇರುವ ಪೊರೆ ಇದೇ. ಅದರ ದಪ್ಪ ಒಂದು ಮಿಲಿಮೀಟರಿನ ಸುಮಾರು ಎರಡು ಲಕ್ಷದಲ್ಲಿ ಒಂದು ಪಾಲು. ಸಾಮಾನ್ಯವಾಗಿ ಪ್ರತಿ ಕಣದ ಎರಡನೆಯ ಬಾಲ ಸೊಟ್ಟ ಜಾತಿಯದು. ಆದ್ದರಿಂದಲೇ ಪೊರೆ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟದೆ ಸದಾ ಮೆತುವಾಗಿರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗು ಉಸಿರಿಗೆ ಕಷ್ಟಪಡುವುದೂ ಶ್ವಾಸಕೋಶದಲ್ಲಿ ಇದೇ ವಸ್ತು ಸಾಲದೆ ಇದ್ದಾಗ. ಅದು ಇನ್ನೊಂದು ವಾರದ ವಿಷಯ.

ಈ ವಾರ ಇದನ್ನೆಲ್ಲ ಹೇಳಲು ಕಾರಣ ತೋಟದಲ್ಲಿ ಹರಿದಾಡುವ ಕೊಳಕುಮಂಡಲ. ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಹತ್ತಾರು ತಿಂಗಳು ಅಟ್ಟದಲ್ಲಿ ಕೂಡಿಡುವುದು, ಸುಲಿದ ಮಟ್ಟೆಯನ್ನು ಶೆಡ್ಡಿನ ಪಕ್ಕ ರಾಶಿ ಹಾಕುವುದು, ಗರಿಗಳನ್ನು ಮರದ ಬುಡಕ್ಕೆ ಹೊದಿಸುವುದು ಈ ಸೀಮೆಯ ಬೇಸಾಯ. ಅಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು. ದಪ್ಪ ಮೈ, ಬೆನ್ನಿನ ಮೇಲೆ ಸರಪಳಿಯಂತೆ ಕಂದು ಮಚ್ಚೆಗಳ ಮೂರು ಸಾಲು, ಕೆಣಕಿದರೆ ಕುಕ್ಕರಿನಂತೆ ಬುಸುಗುಟ್ಟುವ ಸದ್ದು. ಒಣಗರಿಯ ಮೇಲೆ ಮಲಗಿದ್ದರೆ ಅದು ಕಣ್ಣಿಗೆ ಬೀಳುವುದು ಕಷ್ಟ.

ಇದರ ವಿಷದಲ್ಲಿ ಹಲವು ಪದಾರ್ಥಗಳಿವೆ. ಮುಖ್ಯವಾದ ಒಂದು, ಫಾಸ್ಫೋಲಿಪೇಸ್ ಎ-2 ಎಂಬ ಕಿಣ್ವ. ಇದರ ಕೆಲಸ ಒಂದೇ: ಫಾಸ್ಫೋಲಿಪಿಡ್ ಕಣದ ಎರಡನೆಯ ಬಾಲವನ್ನು ಕತ್ತರಿಸುವುದು. ಕಿಣ್ವ ತಾನು ಸವೆಯುವುದಿಲ್ಲ. ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಹೋಗುತ್ತದೆ. ಉಳಿದ ಒಂಟಿ ಬಾಲದ ಕಣ ಸಾಬೂನಿನಂತೆ ವರ್ತಿಸಿ ಪೊರೆಯನ್ನು ತೂತು ಮಾಡುತ್ತದೆ. ಕತ್ತರಿಸಿ ಬಿದ್ದ ಬಾಲವೂ ಸುಮ್ಮನಿರುವುದಿಲ್ಲ, ಅದರಿಂದ ಊತ ಮತ್ತು ನೋವು ತರುವ ರಾಸಾಯನಿಕಗಳು ಹುಟ್ಟುತ್ತವೆ. ಕಚ್ಚಿದ ಕಾಲು ಗಂಟೆಯೊಳಗೆ ಬಾತು ಸಿಡಿಯುವಂತಾಗುವುದಕ್ಕೆ ಇದೂ ಒಂದು ಕಾರಣ. ಕಟ್ಟುಹಾವಿನ ವಿಷದಲ್ಲೂ ಇದೇ ಕುಲದ ಕಿಣ್ವವಿದೆ. ಆದರೆ ಅದು ಹುಡುಕಿಕೊಂಡು ಹೋಗುವುದು ನರದ ತುದಿಗಳನ್ನು. ಆದ್ದರಿಂದ ಅಲ್ಲಿ ಊತವಿಲ್ಲ, ನೋವೂ ಅಷ್ಟಿಲ್ಲ. ರೆಪ್ಪೆ ಜೋತು ಬೀಳುತ್ತದೆ, ಆಮೇಲೆ ಉಸಿರೇ ನಿಲ್ಲಬಹುದು. ನೋವಿಲ್ಲವೆಂದು ನೆಮ್ಮದಿಪಡುವಂತಿಲ್ಲ.

ಮಂಡಲದ ವಿಷ ರಕ್ತಕ್ಕೆ ಮಾಡುವ ಹಾನಿ ಬೇರೆ. ಪೊರೆಯ ಒಳಸಾಲಿನಲ್ಲಿ ಸೀರೀನ್ ತಲೆಯ ಕಣಗಳಿವೆ. ಗಾಯವಾದಾಗ ರಕ್ತದ ತಟ್ಟೆಕಣಗಳು ಇವನ್ನು ಹೊರಸಾಲಿಗೆ ತಿರುಗಿಸುತ್ತವೆ, ಹೆಪ್ಪುಗಟ್ಟಿಸುವ ಪದಾರ್ಥಗಳು ಅಲ್ಲಿ ಕೂತು ಕೆಲಸ ಮಾಡುತ್ತವೆ. ಮಂಡಲದ ವಿಷ ಇದಕ್ಕೆಲ್ಲ ಕಾಯದೆ ಆ ಪದಾರ್ಥಗಳನ್ನು ಮೈಯೆಲ್ಲ ಒಟ್ಟಿಗೆ ಎಬ್ಬಿಸಿಬಿಡುತ್ತದೆ. ದಾಸ್ತಾನು ಕೆಲವೇ ಗಂಟೆಗಳಲ್ಲಿ ಖಾಲಿಯಾಗಿ, ನಿಜವಾಗಿ ಬೇಕಾದಾಗ ರಕ್ತ ಹೆಪ್ಪುಗಟ್ಟುವುದಿಲ್ಲ. ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣುತ್ತದೆ. ಮೂತ್ರಪಿಂಡ ಕೆಡಬಹುದು. (ಇದೇ ವಿಷವನ್ನು ತೀರ ತೆಳುಮಾಡಿ ಪ್ರಯೋಗಾಲಯದಲ್ಲಿ ಒಂದು ರಕ್ತಪರೀಕ್ಷೆ ನಡೆಸುತ್ತಾರೆ. ಮತ್ತೆ ಮತ್ತೆ ಗರ್ಭ ಇಳಿಯುವ ಕೆಲವು ಹೆಂಗಸರಲ್ಲಿ ಫಾಸ್ಫೋಲಿಪಿಡ್ ವಿರುದ್ಧದ ಪ್ರತಿಕಾಯಗಳಿವೆಯೇ ಎಂದು ಪತ್ತೆಮಾಡಲು.)

ಆಸ್ಪತ್ರೆಯಲ್ಲಿ ಇದನ್ನು ತಿಳಿಯುವ ವಿಧಾನ ಬಹಳ ಸರಳ. ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಟ್ಟು, ಆಮೇಲೆ ವಾಲಿಸಿ ನೋಡುತ್ತಾರೆ. ನೀರಿನಂತೆ ಹರಿದರೆ ವಿಷ ಏರಿದೆ ಎಂದು ಅರ್ಥ. ಮೊದಲ ಸಲ ಸರಿಯಾಗಿದ್ದರೂ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ. "ಏನೂ ಆಗಿಲ್ಲ, ಮನೆಗೆ ಹೋಗೋಣ" ಎಂದು ಒಂದು ದಿನದೊಳಗೆ ಅವಸರಪಡಿಸಬೇಡಿ.

ಔಷಧಿ ಒಂದೇ: ಪ್ರತಿವಿಷ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ತಯಾರಿಸುತ್ತಾರೆ. ಅದು ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ. ಆಗಲೇ ಹರಿದ ಪೊರೆಯನ್ನು ಹೊಲಿಯುವ ಶಕ್ತಿ ಅದಕ್ಕಿಲ್ಲ. ತಡವಾದಷ್ಟೂ ನಷ್ಟ ಏಕೆ ಹೆಚ್ಚು ಎಂಬುದು ಇಲ್ಲಿದೆ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಕೊಡುತ್ತಾರೆ. ಹೆದರಬೇಡಿ, ಹಾವು ಮಗುವೆಂದು ಕಡಿಮೆ ವಿಷ ಬಿಟ್ಟಿರುವುದಿಲ್ಲ. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬೇರೆ ಇರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ಹಾಗಾಗಿ ಎಷ್ಟು ಸೀಸೆ ಬೇಕೆಂಬುದು ರೋಗಿಯನ್ನು ನೋಡಿಯೇ ತೀರ್ಮಾನವಾಗಬೇಕು.

ಮಂತ್ರ ಹಾಕಿಸಿ ಉಳಿದವರ ಹೆಸರನ್ನು ನಿಮ್ಮೂರಿನಲ್ಲೂ ಯಾರಾದರೂ ಹೇಳಿಯಾರು. ವಿಷದ ಹಾವು ಕಚ್ಚಿದಾಗಲೆಲ್ಲ ವಿಷ ಬಿಟ್ಟೇ ಇರುತ್ತದೆ ಎಂದೇನಿಲ್ಲ, ಬರಿಹಲ್ಲಿನ ಕಡಿತವೂ ಉಂಟು. ಅಂಥವರು ಮಂತ್ರವಿಲ್ಲದೆಯೂ ಉಳಿಯುತ್ತಿದ್ದರು. ಉಳಿಯದವರು ಬಂದು ಸಾಕ್ಷಿ ಹೇಳುವುದಿಲ್ಲ. 2000ದಿಂದ 2019ರವರೆಗಿನ ಸಾವುಗಳ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವು ಕಚ್ಚಿ ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಗಳಲ್ಲಿ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಕಚ್ಚಿದ ಕೂಡಲೇ ಕಾಲುಂಗುರ, ಕಾಲ್ಗೆಜ್ಜೆ, ಉಂಗುರ, ಬಳೆ ತೆಗೆಯಿರಿ. ಊತ ಬಂದಮೇಲೆ ತೆಗೆಯಲು ಆಗುವುದಿಲ್ಲ. ಕಾಲನ್ನು ಕೋಲಿಗೋ ದಬ್ಬೆಗೋ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಿ. ನಡೆಸಬೇಡಿ, ಎತ್ತಿಕೊಂಡೇ ಹೋಗಿ. 108ಕ್ಕೆ ಫೋನ್ ಮಾಡಿ, ಕಾಯುವುದಕ್ಕಿಂತ ಬೇರೆ ಗಾಡಿ ಬೇಗ ಸಿಗುವುದಾದರೆ ಅದರಲ್ಲೇ ಹೊರಡಿ. ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ. ಕೊಳಕುಮಂಡಲದ ವಿಷ ಒಂದೇ ಜಾಗದಲ್ಲಿ ನಿಂತರೆ ಅಲ್ಲಿನ ಮಾಂಸ ಕೊಳೆಯುತ್ತದೆ. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚದೆ ವೈದ್ಯರ ಮುಂದೆ ಬಿಚ್ಚಿಸಿ. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು ಬೇಡ. ನೋವಿಗೆಂದು ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವ ಹೆಚ್ಚುತ್ತದೆ. ಹಾವನ್ನು ಹುಡುಕಿ ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. ಕಚ್ಚಿದ ಹೊತ್ತು ಎಷ್ಟೆಂದು ನೆನಪಿಟ್ಟುಕೊಂಡರೆ ಸಾಕು.

ಮಟ್ಟೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಬಿದ್ದ ಕಾಯಿ ಆರಿಸಲು, ರಾತ್ರಿ ಪಂಪು ಹಾಕಲು ಹೋಗುವಾಗ ಮೊಣಕಾಲುದ್ದದ ಗಂಬೂಟು, ಕೈಯಲ್ಲಿ ಟಾರ್ಚು ಇರಲಿ. ಶೆಡ್ಡಿನಲ್ಲಿ ಕಾವಲು ಮಲಗುವವರು ನೆಲ ಬಿಟ್ಟು ಮಂಚದ ಮೇಲೆ, ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಬೇಕು. ಕಟ್ಟುಹಾವು ಬರುವುದು ನಿದ್ದೆಯ ಹೊತ್ತಿನಲ್ಲೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೂತ್ರದ ಪ್ರಮಾಣ ಕಡಿಮೆಯಾದರೆ, ಮುಖ ಊದಿಕೊಂಡರೆ ತಡಮಾಡದೆ ತೋರಿಸಿ. ಒಂದೆರಡು ವಾರದ ನಂತರ ಜ್ವರ, ಕೀಲುನೋವು, ಮೈ ತುರಿಕೆ ಬರಬಹುದು. ಅದು ಉಳಿದ ವಿಷದ ಕೆಲಸವಲ್ಲ, ಪ್ರತಿವಿಷದಲ್ಲಿರುವ ಕುದುರೆಯ ಪ್ರೋಟೀನಿಗೆ ದೇಹ ತೋರಿಸುವ ಪ್ರತಿಕ್ರಿಯೆ. ವೈದ್ಯರಿಗೆ ತಿಳಿಸಿದರೆ ಮಾತ್ರೆಯಲ್ಲೇ ಹೋಗುವಂಥದು.